ಪರದೇಶದಲ್ಲಿ ಪರಿಚಿತ ರುಚಿ

ಬಸವೇಶ್ವರನಗರದ ಮನೆಯೊಂದರಿಂದ ಉದ್ಯೋಗನಿಮಿತ್ತವಾಗಿ ಸಿಂಗಪುರಕ್ಕೆ ತೆರಳಿದ ತರುಣನೊಬ್ಬನನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬಹುದು. ಅಂಥವರು ಈಗ ಬೀದಿಗೊಬ್ಬರಿದ್ದಾರೆ. ಬೆಂಗಳೂರಿನಲ್ಲಿದ್ದಾಗ ಅವನು ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್ಸಿಗೆ ಹೋದದ್ದು ವರ್ಷಕ್ಕೊಂದೆರಡು ಸಲವಷ್ಟೆ. ನಗರದ ಆ ಕೊನೆಗೆ ಹೋಗಿ, ಸ್ಥಳಕ್ಕಾಗಿ ಕಾದು ನಿಲ್ಲುವುದು ಯಾರಿಗೆ ಬೇಕೆಂದು ಗೊಣಗಿದವನೂ ಅವನೇ. ಆ ಸಂಸ್ಥೆಯು 2013ರಲ್ಲಿ ಸಿಂಗಪುರದ ಸೆರಂಗೂನ್ ರಸ್ತೆಯಲ್ಲಿ ಒಂದು ಶಾಖೆಯನ್ನು ತೆರೆಯಿತು. ಈಗ ತರುಣನು ಭಾನುವಾರ ಬೆಳಗ್ಗೆ ಪಟ್ಟಣದ ಇನ್ನೊಂದು ತುದಿಯಿಂದ ರೈಲು ಹತ್ತಿ ಅಲ್ಲಿಗೆ ಹೋಗುತ್ತಾನೆ. ಬಾಗಿಲಲ್ಲಿ ಗೊಣಗದೆ ಕಾಯುತ್ತಾನೆ. ರವೆ ಇಡ್ಲಿ, ಪಕ್ಕದಲ್ಲಿ ಸಾಗು, ಪುಟ್ಟ ಬಟ್ಟಲಿನಲ್ಲಿ ತುಪ್ಪ, ಮೇಲೊಂದು ಕಾಫಿ. ತಿಂದೆದ್ದು, ‘ಮನೆಗೆ ಹೋಗಿಬಂದಂತಾಯಿತು’ ಎನ್ನುತ್ತಾನೆ.

ಈ ಮಾತು ವಿಚಾರಕ್ಕೆ ಯೋಗ್ಯವಾದುದು. ಏಕೆಂದರೆ ಅವನ ಮನೆಯಲ್ಲಿ ರವೆ ಇಡ್ಲಿಯಾಗುವುದು ಅಪರೂಪ. ತಾಯಿಯು ಮಾಡುತ್ತಿದ್ದುದು ಅಕ್ಕಿ ಉದ್ದುಗಳನ್ನು ಅರೆದ ಸಾಧಾರಣ ಇಡ್ಲಿಯನ್ನು. ಯಾವುದು ಮನೆಯದಲ್ಲವೋ ಅದರಲ್ಲಿಯೇ ಅವನಿಗೆ ಮನೆಯು ಕಂಡಿತು. ಹಿಂದಿನವರಿಗೆ ಇದು ಇನ್ನೂ ವಿಚಿತ್ರವಾಗಿ ತೋರುತ್ತಿದ್ದಿತು. ಪೇಟೆಯಲ್ಲಿ ಕ್ರಯಕ್ಕೆ ಕೊಂಡ ಅನ್ನವನ್ನು ಉಣ್ಣಬಾರದೆಂದು ಆಪಸ್ತಂಬರು ವಿಧಿಸಿದರು. ಸಮುದ್ರಯಾನವನ್ನು ಪತನಹೇತುಗಳಾದ ಕರ್ಮಗಳ ಸಾಲಿನಲ್ಲಿ ಎಣಿಸಿದವರು ಬೌಧಾಯನರು. ಕಡಲನ್ನು ದಾಟಿ ಹೋದವನು, ದಾಟಿದ ದಡದಲ್ಲಿ ಕೊಂಡ ಅನ್ನವನ್ನುಂಡು, ತಾನು ಮನೆಯನ್ನು ಸೇರಿದೆನೆಂದು ಭಾವಿಸುತ್ತಾನೆ!

ಆದರೆ ಅವನನ್ನು ಕಂಡು ನಗುವುದಕ್ಕೆ ಮೊದಲು ಆ ರುಚಿಯ ಹುಟ್ಟನ್ನು ನೋಡಬೇಕು. ಆ ಉಪಾಹಾರಗೃಹವನ್ನು 1924ರಲ್ಲಿ ಆರಂಭಿಸಿದ ಮೈಯ ಸಹೋದರರು ಬೆಂಗಳೂರಿನವರಲ್ಲ. ಉಡುಪಿಯ ಸೀಮೆಯಲ್ಲಿ ಕೋಟದ ಬಳಿಯ ಪಾರಂಪಳ್ಳಿಯವರು, ಜೀವನೋಪಾಯವನ್ನರಸಿ ಘಟ್ಟವನ್ನೇರಿ ಬಂದವರು. ಅದರ ಮೊದಲ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್ ಎಂದು. ಆ ಹೆಸರಿನಲ್ಲಿ ಆಪಸ್ತಂಬರ ನಿಷೇಧದೊಡನೆ ಮಾಡಿಕೊಂಡ ಒಂದು ರಾಜಿಯೂ ಕಾಣುತ್ತದೆ, ಹೊರಗೆ ಉಳಿದವರಾರೆಂಬುದೂ ಕಾಣುತ್ತದೆ. 1960ರಲ್ಲಿ ಈಗಿನ ಕಟ್ಟಡಕ್ಕೆ ಬಂದಾಗ ಆ ಹೆಸರು ಹೋಯಿತು, ಹೋದದ್ದೇ ಒಳ್ಳೆಯದಾಯಿತು. ಇನ್ನು ರವೆ ಇಡ್ಲಿಯ ಕಥೆ. 1942ರಲ್ಲಿ ಬರ್ಮಾ ದೇಶವು ಜಪಾನೀಯರ ವಶವಾಗಿ ಅಲ್ಲಿಯ ಅಕ್ಕಿ ಬರುವುದು ನಿಂತಿತು. ಸಿಂಗಪುರವೂ ಅವರ ಕೈಗೆ ಸಿಕ್ಕಿದ್ದು ಅದೇ ವರ್ಷದಲ್ಲಿಯೇ. ಯುದ್ಧಕಾಲದ ಆ ಅಕ್ಕಿಯ ಅಭಾವದಲ್ಲಿ, ಅಕ್ಕಿಗೆ ಬದಲಾಗಿ ರವೆಯನ್ನು ಹಾಕಿ ನೋಡಿದ ಪ್ರಯೋಗವೇ ಈ ಇಡ್ಲಿಯೆಂದು ಸಂಸ್ಥೆಯವರು ಹೇಳುತ್ತಾರೆ. ಊರನ್ನು ಬಿಟ್ಟುಬಂದವರು, ದೊರೆಯದ ವಸ್ತುವಿಗೆ ಪ್ರತಿಯಾಗಿ ಮಾಡಿದ ತಿಂಡಿ ಅದು. ಪರದೇಶಿಯ ನಾಲಗೆಗೆ ಅದು ಒಗ್ಗಿದ್ದರಲ್ಲಿ ಆಶ್ಚರ್ಯವೇನು? 1949ರಲ್ಲಿ ಬೆಂಗಳೂರಿನ ಪಶ್ಚಿಮಕ್ಕೆ ರಾಜಾಜಿನಗರದ ಬಡಾವಣೆ ಆರಂಭವಾಗಿ ಕಾರ್ಖಾನೆಯ ಕೆಲಸಕ್ಕೆ ಬಂದವರು ಅಲ್ಲಿ ನೆಲೆಸತೊಡಗಿದ ಮೇಲೆ, ಬೀದಿಯ ಮೂಲೆಗಳ ಹೋಟೆಲುಗಳಲ್ಲಿಯೂ ಇದೇ ಸ್ಥಿತಿ. ತಿಂದವರೂ ಬೇರೆ ಊರಿನವರು, ಬಡಿಸಿದವರೂ ಬೇರೆ ಊರಿನವರು. ತರುಣನ ತಾತನೂ ಅಂಥ ಒಂದು ಬೆಂಚಿನ ಮೇಲೆ ಕುಳಿತವನಾಗಿರಬಹುದು.

ಇನ್ನುಳಿದದ್ದು ‘ಅದೇ ರುಚಿ’ ಎಂಬ ಮಾತು. ಪಾಠಶಾಲೆಗಳಲ್ಲಿ ಪ್ರತ್ಯಭಿಜ್ಞೆಯನ್ನು ಬೋಧಿಸುವಾಗ ‘ಸೋಽಯಂ ದೇವದತ್ತಃ’ ಎಂಬ ಉದಾಹರಣೆಯನ್ನು ಕೊಡುವುದು ರೂಢಿ. ಹಿಂದೆ ಎಲ್ಲಿಯೋ ಕಂಡ ಆ ದೇವದತ್ತನೇ ಇಂದು ಎದುರಿಗಿರುವ ಈತನು. ಆಗಿನ ದೇಶಕಾಲಗಳನ್ನೂ ಈಗಿನ ದೇಶಕಾಲಗಳನ್ನೂ ಬಿಟ್ಟುಬಿಟ್ಟರೆ ಉಳಿಯುವ ವ್ಯಕ್ತಿ ಒಬ್ಬನೇ ಎಂದು ವೇದಾಂತಿಗಳು ವಿವರಿಸುತ್ತಾರೆ. ಇಡ್ಲಿಯಲ್ಲಿ ಹೀಗೆ ಬಿಡುತ್ತ ಹೋದರೆ ಏನು ಉಳಿದೀತು? ನೀರು ಬೇರೆ, ಕೈ ಬೇರೆ, ಗೋಧಿ ಬೆಳೆದ ಹೊಲ ಬೇರೆ. ಮಾವಳ್ಳಿಯಲ್ಲಿ ತಿಂದ ಇಡ್ಲಿಯಂತೂ ಅಂದೇ ತೀರಿತು. ಇದಕ್ಕೆ ನೈಯಾಯಿಕರಲ್ಲಿ ಬೇರೊಂದು ಸಮಾಧಾನವುಂಟು. ‘ಅದೇ ಔಷಧ’ ಎಂದು ರೋಗಿಯು ಹೇಳಿದಾಗ ನಿನ್ನೆ ಕುಡಿದದ್ದನ್ನೇ ಇಂದು ಕುಡಿದನೆಂದು ಅರ್ಥವಲ್ಲ. ಅದಕ್ಕೆ ಸಜಾತೀಯವಾದುದನ್ನು ಕುಡಿದನೆಂದು ಅರ್ಥ. ಇಡ್ಲಿಗೆ ಒಪ್ಪುವುದು ಈ ಸಮಾಧಾನವೇ. ಆದರೆ ನಿನ್ನೆಯ ಔಷಧವೂ ಇಂದಿನದೂ ಒಂದೇ ಜಾತಿಯವಾಗಿ ನಿಲ್ಲುವುದು ತಾವಾಗಿಯೇ ಅಲ್ಲ. ವೈದ್ಯನು ತೂಕವನ್ನು ತಪ್ಪದಿದ್ದರೆ ಮಾತ್ರ. 1975ರ ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲು ತಿಂಡಿಗಳ ಬೆಲೆಯನ್ನು ಸರ್ಕಾರವು ಬಹಳ ಇಳಿಸಿದಾಗ, ಆ ಬೆಲೆಗೆ ತಕ್ಕಂತೆ ಪದಾರ್ಥವನ್ನು ಕೆಡಿಸಲೊಲ್ಲದೆ ಮಾವಳ್ಳಿಯವರು ಕೆಲಕಾಲ ಬಾಗಿಲನ್ನೇ ಮುಚ್ಚಿದರು. ಬೆಲೆ ಇಳಿದರೂ ತುಪ್ಪದ ಅಳತೆ ಇಳಿಯಲಿಲ್ಲ. ‘ಅದೇ’ ಎಂಬ ಶಬ್ದಕ್ಕೆ ಆಧಾರವಾಗಿರುವುದು ಇಂಥ ಹಟವೇ ಹೊರತು ವಸ್ತುವಲ್ಲ.

ಹಾಗಾದರೆ ಸೆರಂಗೂನ್ ರಸ್ತೆಯಲ್ಲಿ ಆ ಹಟವನ್ನು ನಡೆಸುತ್ತಿರುವವರಾರು? ಒಳಗೆ ಹಬೆಯ ಮುಂದೆ ನಿಂತಿರುವ ಅಡಿಗೆಯವನು. ಹೊರಗೆ ತಟ್ಟೆಗಳನ್ನು ತಂದಿಡುವ ಮಾಣಿ. ಅವರೂ ತರುಣನಂತೆಯೇ ಎಲ್ಲಿಯೋ ತಾಯಿಯನ್ನು ಬಿಟ್ಟು ಸಂಬಳಕ್ಕೆ ಬಂದವರಿರಬಹುದು. ಅವನಿಗೆ ಭಾನುವಾರ ಬಿಡುವು, ಅವರಿಗೆ ಅಂದೇ ಹೆಚ್ಚಿನ ದುಡಿಮೆ. ಇಡ್ಲಿಯನ್ನು ಕಂಡೊಡನೆ ‘ಅದೇ ಇದು’ ಎಂದು ಗುರುತಿಸಿದವನು, ಅದನ್ನು ತಂದಿಟ್ಟವನ ಮುಖವನ್ನು ನೋಡಲಿಲ್ಲ. ದೇವದತ್ತನು ಎದುರಿಗೇ ನಿಂತಿದ್ದನು. ಗುರುತು ಮಾತ್ರ ತಟ್ಟೆಗೆ ಸಿಕ್ಕಿತು. ಇದು ದೊಡ್ಡ ಪಾಪವೆಂದು ಯಾವ ಧರ್ಮಶಾಸ್ತ್ರವೂ ಹೇಳಲಾರದು. ಆದರೂ ತನ್ನ ಒಂಟಿತನಕ್ಕೆ ಔಷಧವನ್ನು ಹುಡುಕಿಕೊಂಡು ಅಷ್ಟು ದೂರ ಬಂದವನು, ಅದೇ ಒಂಟಿತನದ ಇನ್ನೊಬ್ಬನಿಂದ ಔಷಧವನ್ನು ತೆಗೆದುಕೊಂಡು, ಹಣವನ್ನು ಕೊಟ್ಟು, ಲೆಕ್ಕ ತೀರಿತೆಂದು ಎದ್ದುಬರುವುದು ಸರಿಯೆ? ಹಣವು ಇಡ್ಲಿಯ ಬೆಲೆಯಾದೀತು. ‘ಮನೆಗೆ ಹೋಗಿಬಂದಂತಾಯಿತು’ ಎಂಬುದಕ್ಕೆ ಬೆಲೆಯನ್ನು ಯಾರೂ ಬರೆದಿಟ್ಟಿಲ್ಲ.

ಅಂದು ಸಂಜೆ ಅವನು ಬಸವೇಶ್ವರನಗರಕ್ಕೆ ದೂರವಾಣಿಯಲ್ಲಿ ಮಾತನಾಡಿ, ತಿಂದದ್ದನ್ನೆಲ್ಲ ವಿಸ್ತಾರವಾಗಿ ವರ್ಣಿಸುತ್ತಾನೆ. ತಾಯಿಗೆ ಸಂತೋಷವೂ ಆಗುತ್ತದೆ, ಒಂದಿಷ್ಟು ನೋವೂ ಆಗುತ್ತದೆ. ತನ್ನ ಇಡ್ಲಿಯನ್ನು ನೆನೆದು ಅವನು ಎಂದಾದರೂ ಅಷ್ಟು ದೂರ ನಡೆದಾನೆಯೇ ಎಂದು. ಅದನ್ನು ಅವಳು ಆಡುವುದಿಲ್ಲ. ಹಿಂದಿನ ಕಾಲದ ಹೆಂಗಸರು ಕೇಳುವ ಪ್ರಶ್ನೆಯೊಂದನ್ನು ಕೇಳುತ್ತಾಳೆ: “ಬಡಿಸಿದ ಹುಡುಗ ಯಾವ ಊರಿನವನಪ್ಪಾ? ಅವನು ತಿಂಡಿ ತಿಂದಿದ್ದನಂತೆಯೋ?”

ತರುಣನು ಅದನ್ನು ಕೇಳಿರಲಿಲ್ಲ.