ರಕ್ತ ಯಾರದು, ಮಾತು ಯಾರದು?

ಮುಟ್ಟಬಾರದವರು ಅನ್ನಿಸಿಕೊಂಡ ನಮ್ಮ ಮೈಯೊಳಗಿನ ರಕ್ತ ಪ್ರಯೋಗಶಾಲೆಯ ಒಳಕ್ಕೆ ಸಲೀಸಾಗಿ ಹೋಗುತ್ತದೆ. ಅಲ್ಲಿ ಅದಕ್ಕೆ ಮೈಲಿಗೆಯಿಲ್ಲ. ಸಂತೋಷ. ಆದರೆ ಆ ರಕ್ತ ವಿಜ್ಞಾನಿಗೆ ಹೇಳಿದ ಮಾತನ್ನು ರಕ್ತದ ಒಡೆಯನಿಗೆ ಯಾರು, ಯಾವ ಭಾಷೆಯಲ್ಲಿ ಹೇಳಬೇಕು? ಇದು ವೈದ್ಯದ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆ.

ಜೇನುಕುರುಬರ, ಎರವರ ಹಾಡಿಗಳಿರುವ ನಮ್ಮ ಸರಗೂರು ಸೀಮೆಯಲ್ಲೂ 'ಸಿಕಲ್ ಸೆಲ್' ಕಾಯಿಲೆ ಇದೆ. ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ಮೂಳೆ ಹಿಂಡುವ ನೋವು ಕೊಡುತ್ತದೆ. ಬಂಡೀಪುರದ ಕಾಡಿನಾಚೆ, ನೀಲಗಿರಿಯ ಆದಿವಾಸಿಗಳ ರಕ್ತದಲ್ಲಿ ಇದರ ಗುಣವನ್ನು ಲೇಹ್ಮನ್ ಮತ್ತು ಕಟ್‌ಬುಷ್ ವರದಿ ಮಾಡಿದ್ದು 1952ರಲ್ಲಿ. ಕೇಂದ್ರ ಸರ್ಕಾರ ನಿರ್ಮೂಲನಾ ಅಭಿಯಾನ ಶುರುಮಾಡಿದ್ದು 2023ರ ಜುಲೈ 1ರಂದು. ನಡುವೆ 71 ವರ್ಷ! ನಲವತ್ತು ವರ್ಷದೊಳಗಿನ 7 ಕೋಟಿ ಜನರ ಪರೀಕ್ಷೆ, ಕೈಗೊಂದು ಕಾರ್ಡು, 2047ರೊಳಗೆ ನಿರ್ಮೂಲನ ಎಂಬುದು ಗುರಿ. ಒಳ್ಳೆಯದೇ. ಆದರೆ ಕಾರ್ಡು ಕೊಟ್ಟ ಮಾತ್ರಕ್ಕೆ ತಿಳಿಸಿದಂತಾಯಿತೇ?

'ಅವ್ರಿಗೆ ಇದೆಲ್ಲಾ ಎಲ್ಲಿ ಅರ್ಥವಾಗ್ತದೆ' ಅನ್ನುವವರಿದ್ದಾರೆ. ಯಾಕಾಗೊಲ್ಲ ಸ್ವಾಮಿ? ತಾಯಿಯಿಂದೊಂದು, ತಂದೆಯಿಂದೊಂದು, ಎರಡೂ ಕಡೆಯಿಂದ ಈ ಗುಣ ಬಂದರೆ ಕಾಯಿಲೆ. ಒಂದೇ ಕಡೆಯಿಂದ ಬಂದರೆ ಅವನು ಹೊರುವವನು, ರೋಗಿಯಲ್ಲ. ಹೊರುವವರಿಬ್ಬರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಕಾಯಿಲೆಯ ಸಂಭವ ನಾಲ್ಕರಲ್ಲಿ ಒಂದು ಪಾಲು. ಇಷ್ಟೆ. ಇನ್ನೊಂದು ಮಾತನ್ನೂ ಹೇಳಬೇಕು: ಹೊರುವವರನ್ನು ಈ ಗುಣ ಮಾರಣಾಂತಿಕ ಮಲೇರಿಯಾದಿಂದ ಕಾಪಾಡುತ್ತದೆ, ಅದಕ್ಕೇ ಅದು ತಲೆಮಾರುಗಳ ಕಾಲ ಉಳಿದುಬಂತು. ಅಂದರೆ ಇದು ಕೆಟ್ಟ ರಕ್ತವಲ್ಲ. ಮಲೇರಿಯಾದ ನಡುವೆ ಬದುಕುಳಿದವರು ಬಿಟ್ಟುಹೋದ ಗುರುತು. ಅಣೆಕಟ್ಟಿನ, ಅಭಯಾರಣ್ಯದ ಹೆಸರಲ್ಲಿ ಕಾಡಿನಿಂದ ಎತ್ತಂಗಡಿಯಾದವರಿಗೆ ಈ ಮಾತು ಸಣ್ಣದಲ್ಲ.

ಇಷ್ಟನ್ನು ಹೇಳದಿದ್ದರೆ ಏನಾಗುತ್ತದೆ? ಅಮೆರಿಕದ ಕತೆ ನೋಡಿ. ಈ ಕಾಯಿಲೆಯ ಮೂಲ ಹಿಮೋಗ್ಲೋಬಿನ್‌ನಲ್ಲಿದೆ ಎಂದು 1949ರಲ್ಲಿ ತೋರಿಸಿದವರಲ್ಲಿ ಮುಖ್ಯರು ಲೈನಸ್ ಪಾಲಿಂಗ್. ಶಾಂತಿಗೂ ನೊಬೆಲ್ ಪಡೆದ ಸಜ್ಜನ. ಆತ 1968ರಲ್ಲಿ ಬರೆದದ್ದು: ಈ ಗುಣ ಹೊರುವವರ ಹಣೆಗೆ ಹಚ್ಚೆ ಹಾಕಬೇಕು, ಆಗ ಅಂಥ ಇಬ್ಬರು ಪರಸ್ಪರ ಪ್ರೀತಿಸುವುದಿಲ್ಲ! ಉದ್ದೇಶ ಒಳ್ಳೆಯದೇ, ಹಣೆಯ ಒಡೆಯನನ್ನು ಕೇಳಲಿಲ್ಲ, ಅಷ್ಟೆ. ಹಣೆಬರಹ ಬರೆಯುವ ಬ್ರಹ್ಮನ ಕೆಲಸವನ್ನು ವಿಜ್ಞಾನಿಯೇ ವಹಿಸಿಕೊಂಡ. 70ರ ದಶಕದಲ್ಲಿ ಅಲ್ಲಿ ಕಾಯಿಲೆಯಿಲ್ಲದ ಕರಿಯರಿಗೂ ಈ ಕಾರಣಕ್ಕೆ ಕೆಲಸ, ವಿಮೆ ತಪ್ಪಿದ್ದುಂಟು. ಅದೇ ಹೊತ್ತಿಗೆ, 1971ರಲ್ಲಿ, ಬ್ಲ್ಯಾಕ್ ಪ್ಯಾಂಥರರು ತಮ್ಮ ಕೇರಿಗಳಲ್ಲಿ ತಾವೇ ರಕ್ತಪರೀಕ್ಷೆ ಶುರುಮಾಡಿ ತಮ್ಮವರಿಗೆ ತಾವೇ ತಿಳಿಹೇಳಿದರು. ಮರುವರ್ಷ ಬೊಂಬಾಯಿಯಲ್ಲಿ ದಲಿತ ಪ್ಯಾಂಥರರು ಹೆಸರು ಪಡೆದದ್ದು ಇವರಿಂದಲೇ.

ಆದ್ದರಿಂದ ನಾವು ಹೇಳುವುದಿಷ್ಟು. ತಿಳಿಸುವುದು ವಿಜ್ಞಾನಿಯ ದಾನವಲ್ಲ, ತೀರಿಸಬೇಕಾದ ಸಾಲ. ಅದನ್ನು 'ಜಾಗೃತಿ' ಅನ್ನಬೇಡಿ, ನಿದ್ದೆಯಲ್ಲಿದ್ದವರು ಹಾಡಿಯವರಲ್ಲ. ಸೂಜಿ ಚುಚ್ಚುವ ಮುಂಚೆ ಕೇಳಿ. ಬೇಡ ಅಂದರೆ ಒಪ್ಪಿ. ಫಲಿತಾಂಶದ ಜೊತೆಗೆ ಹೈಡ್ರಾಕ್ಸಿಯೂರಿಯಾದ ಮಾತ್ರೆಯೂ ಹಾಡಿಯ ತನಕ ಬರಲಿ. ಮನೆಯಲ್ಲಿ ಮೊದಲು ಡಿಗ್ರಿ ಮಾಡಿದ ನಾವು ಈ ನಡುವೆ ದಳ್ಳಾಳಿಗಳಾಗದೆ ದುಭಾಷಿಗಳಾಗಬೇಕು. ವಿಜ್ಞಾನಿಯ ಮಾತನ್ನು ಹಾಡಿಗೆ ತಂದಷ್ಟೇ ನಿಷ್ಠೆಯಿಂದ ಹಾಡಿಯ ಪ್ರಶ್ನೆಯನ್ನು ಪ್ರಯೋಗಶಾಲೆಗೆ ಒಯ್ಯಬೇಕು.

ಪ್ರಶ್ನೆ ಕೇಳುವ ಹಕ್ಕಿಲ್ಲದವನ ಕೈಯಲ್ಲಿ ಆ ಕಾರ್ಡು ಔಷಧಿಯ ಚೀಟಿಯಾಗದು, ಹಣೆಗಿಳಿದ ಇನ್ನೊಂದು ಹಚ್ಚೆಯಾದೀತು.