ನೋವಿಲ್ಲದ ಕಾಲಿನ ಅವಸರ

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ಬಹಳ ಜನ ನಡೆಯುತ್ತಾರೆ. ಅವರಲ್ಲಿ ಕೆಲವರ ನಡಿಗೆ ಕುಂಟು. ಒಬ್ಬರದು ಮಂಡಿಯ ಸವೆತ, ಇನ್ನೊಬ್ಬರದು ಸೊಂಟದ ಕೀಲಿನ ಆಪರೇಷನ್ ಆಗಿ ಕೆಲವು ತಿಂಗಳು. ಅಂಥವರು ಮುಂದೆ ಹೋಗುತ್ತಿದ್ದರೆ ನಮ್ಮ ಕಣ್ಣು ತಾನಾಗಿ ನೋವಿನ ಕಾಲಿನ ಮೇಲೆ ನೆಡುತ್ತದೆ. ದೋಷವೆಲ್ಲ ಅಲ್ಲೇ ಇದೆಯೆಂದು ನಾವು ಭಾವಿಸುತ್ತೇವೆ. ಇನ್ನೂ ನಾಲ್ಕು ಹೆಜ್ಜೆ ಗಮನವಿಟ್ಟು ನೋಡಿದರೆ ಬೇರೆಯೇ ಒಂದು ಸಂಗತಿ ಕಾಣುತ್ತದೆ. ನೋವಿನ ಕಾಲು ನೆಲ ಮುಟ್ಟಿದ್ದೇ ತಡ, ಇನ್ನೊಂದು ಕಾಲು ಧಾವಿಸಿ ಬಂದು ಭಾರವನ್ನು ತನ್ನ ಮೇಲೆ ಎಳೆದುಕೊಳ್ಳುತ್ತದೆ. ಒಂದು ಹೆಜ್ಜೆಯ ಸದ್ದು ಮೆಲು, ಮರುಹೆಜ್ಜೆಯದು ಬೇಗ ಮತ್ತು ಜೋರು. ಅವಸರಪಡುತ್ತಿರುವುದು ನೊಂದ ಕಾಲಲ್ಲ. ನೋವಿಲ್ಲದ ಕಾಲು.

ಆರೋಗ್ಯವಂತರ ನಡಿಗೆಯಲ್ಲಿ ಪ್ರತಿ ಪಾದಕ್ಕೂ ತನ್ನ ಪಾಲಿನ ಕಾಲಾವಧಿ ಇದೆ. ಒಂದು ಸುತ್ತಿನ ನೂರು ಭಾಗದಲ್ಲಿ ಸುಮಾರು 60 ಭಾಗ ಪಾದ ನೆಲದ ಮೇಲಿರುತ್ತದೆ, 40 ಭಾಗ ಗಾಳಿಯಲ್ಲಿರುತ್ತದೆ. ಎರಡು ಪಾದಗಳೂ ಒಟ್ಟಿಗೆ ನೆಲದಲ್ಲಿರುವ ಅಲ್ಪಕಾಲದಲ್ಲಿ ಭಾರ ಒಂದರಿಂದ ಮತ್ತೊಂದಕ್ಕೆ ಹಸ್ತಾಂತರವಾಗುತ್ತದೆ. ಕೀಲು ನೊಂದಾಗ ಆ ಕಾಲಿನ ನೆಲದ ಪಾಲು ಕಿರಿದಾಗುತ್ತದೆ. ಇದನ್ನು ಯಾರೂ ಕಲಿಸಬೇಕಿಲ್ಲ. ಅಂಗಾಲಿಗೆ ಮುಳ್ಳು ಹೊಕ್ಕ ಮಗು ಇದನ್ನು ಬಲ್ಲದು, ಗೊರಸು ನೊಂದ ಹಸುವೂ ಬಲ್ಲದು. ಕುಂಟು ಮೊದಲಲ್ಲಿ ವಿಕಾರವಲ್ಲ, ವಿವೇಕ. ದೇಹ ತನ್ನ ಒಂದು ಅಂಗಕ್ಕೆ ತೋರುವ ಕರುಣೆ ಅದು. ಆದ್ದರಿಂದ ಕುಂಟುವವರು ನಾಚಿಕೊಳ್ಳಬೇಕಾದ್ದು ಏನೂ ಇಲ್ಲ.

ಆದರೆ ಈ ಕರುಣೆಗೆ ಹಿಂತಿರುಗುವ ಹೊತ್ತು ತಿಳಿಯುವುದಿಲ್ಲ. ಮಂಡಿಯ ಸವೆತ ಒಂದು ದಿನದ ಕಥೆಯಲ್ಲ, ವರ್ಷಗಟ್ಟಲೆ ನಡೆಯುವಂಥದು. ಆ ವರ್ಷಗಳಲ್ಲಿ ನಾವು ಲಕ್ಷಾಂತರ ಹೆಜ್ಜೆ ಕುಂಟಿರುತ್ತೇವೆ. 1962ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್ಲಿ ಲೋಹದ ಗುಂಡು ಮತ್ತು ಪಾಲಿಎಥಿಲೀನ್ ಬಟ್ಟಲನ್ನು ಜೋಡಿಸಿ ಸೊಂಟದ ಕೀಲನ್ನು ಬದಲಿಸುವ ಯಶಸ್ವಿ ವಿಧಾನವನ್ನು ರೂಪಿಸಿದ ಮೇಲೆ, ಸವೆದ ಕೀಲನ್ನು ತೆಗೆದು ಹೊಸದನ್ನು ಕೂರಿಸುವುದು ಒಂದೆರಡು ಗಂಟೆಯ ಕೆಲಸವಾಯಿತು. ಕೀಲು ಹೊಸದಾಗುತ್ತದೆ. ಸ್ನಾಯು ಹಳೆಯದೇ, ನಡೆಯ ಸ್ಮೃತಿಯೂ ಹಳೆಯದೇ. ಮಳೆ ನಿಂತರೂ ಮರದ ಹನಿ ನಿಲ್ಲುವುದಿಲ್ಲ. ಫಿಸಿಯೋಥೆರಪಿಯ ಕೋಣೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಯೂ ಇದೇ: “ಆಪರೇಷನ್ ಆಯ್ತು, ನೋವೂ ಹೋಯ್ತು, ಕುಂಟು ಯಾಕೆ ಹೋಗ್ಲಿಲ್ಲ?” ಕೇಳುವವರ ದನಿಯಲ್ಲಿ ದೂರಿಗಿಂತ ದಿಗಿಲು ಹೆಚ್ಚು. ಏನೋ ಕೆಟ್ಟುಹೋಗಿದೆ ಎಂಬ ದಿಗಿಲು. ಬಹಳ ಸಲ ಅಲ್ಲಿ ಕೆಟ್ಟುಹೋದದ್ದು ಏನೂ ಇರುವುದಿಲ್ಲ. ಮಂಡಿ ಊದಿದಾಗ, ಅದನ್ನು ಕೊಯ್ದು ಹೊಲಿದಾಗ, ಕೀಲಿನಿಂದ ಹೊರಟ ಸಂದೇಶಗಳು ತೊಡೆಯ ಮುಂಭಾಗದ ದೊಡ್ಡ ಸ್ನಾಯುವನ್ನು ತಡೆದು ನಿಲ್ಲಿಸುತ್ತವೆ. ನಾವು ಎಷ್ಟು ಮನಸ್ಸು ಮಾಡಿದರೂ ಅದು ಪೂರ್ತಿ ಬಿಗಿಯುವುದಿಲ್ಲ. ಬಳಸದ ಸ್ನಾಯು ಸೊರಗುತ್ತದೆ. ಸೊರಗಿದ ಸ್ನಾಯುವಿನ ಮೇಲೆ ಭಾರ ಬಿಡಲು ದೇಹ ಅಂಜುತ್ತದೆ. ಅಂಜಿದಷ್ಟೂ ಅದು ಇನ್ನಷ್ಟು ಸೊರಗುತ್ತದೆ.

ಇಲ್ಲಿ ದಿಂಬಿನ ವಿಷಯ ಹೇಳಬೇಕು. ಮಂಡಿಯ ಆಪರೇಷನ್ ಆಗಿ ಅಮ್ಮ ಮನೆಗೆ ಬಂದಿದ್ದಾರೆ. ರಾತ್ರಿ ಕಾಲು ಸೆಳೆಯುತ್ತದೆ. ಮಗಳು ಎದ್ದು ಬಂದು ಮೆತ್ತನೆಯ ದಿಂಬೊಂದನ್ನು ಮಂಡಿಯ ಕೆಳಗೆ ಇಡುತ್ತಾಳೆ. ಮಂಡಿ ಕೊಂಚ ಬಾಗಿದರೆ ಕೀಲಿನೊಳಗಿನ ಒತ್ತಡ ತಗ್ಗುತ್ತದೆ, ಹಿತವೆನಿಸುತ್ತದೆ, ನಿದ್ದೆ ಬರುತ್ತದೆ. ಮಗಳ ಕೈಯಲ್ಲಿ ಪ್ರೀತಿಯ ಹೊರತು ಮತ್ತೇನೂ ಇಲ್ಲ. ಆದರೆ ರಾತ್ರಿಯಿಡೀ ಬಾಗಿದ್ದ ಮಂಡಿ ದಿನ ಕಳೆದಂತೆ ಬಾಗಿಯೇ ಉಳಿಯಲು ಕಲಿಯುತ್ತದೆ. ಪೂರ್ತಿ ನೀಳವಾಗದ ಕಾಲು ನಡೆಯುವಾಗ ಗಿಡ್ಡ ಕಾಲಿನಂತೆಯೇ ವರ್ತಿಸುತ್ತದೆ, ಪ್ರತಿ ಹೆಜ್ಜೆಗೂ ಮೈ ಒಂದು ಪಕ್ಕಕ್ಕೆ ಕುಸಿಯುತ್ತದೆ. ದಿಂಬು ಇರಬೇಕಾದ್ದು ಹಿಮ್ಮಡಿಯ ಕೆಳಗೆ. ಮಡಿಸಿ ಸುರುಳಿ ಸುತ್ತಿದ ಟವೆಲ್ ಆದರೂ ಸಾಕು. ಆಗ ಮಂಡಿ ತನ್ನ ಭಾರಕ್ಕೆ ತಾನೇ ಮೆಲ್ಲನೆ ನೆಟ್ಟಗಾಗುತ್ತದೆ. ಅದು ಅಷ್ಟು ಹಿತವಲ್ಲ, ಹಿಂಬದಿ ಎಳೆಯುತ್ತದೆ. ಎಳೆತ ಸಹ್ಯವಾಗುವಷ್ಟು ಹೊತ್ತು ಇಟ್ಟು ತೆಗೆದು, ಮತ್ತೆ ಇಡಬೇಕು. ಒಂದೇ ದಿಂಬು, ಒಂದೇ ಪ್ರೀತಿ. ಒಂದು ಮೊಳ ಕೆಳಗೆ ಸರಿದರೆ ಅದು ಚಿಕಿತ್ಸೆ.

ನೊಂದವರ ಭಾರವನ್ನು ಹೊರುವುದು ನಮಗೆಲ್ಲ ಗೊತ್ತು. ಭಾರವನ್ನು ಅವರಿಗೆ ಮರಳಿ ಕೊಡುವುದು ಗೊತ್ತಿಲ್ಲ. ಅಪ್ಪನಿಗೆ ಹೃದಯಾಘಾತವಾದಾಗ ಅವರ ಕೈಯಿಂದ ಬ್ಯಾಂಕಿನ ಪಾಸ್‌ಬುಕ್ಕು, ಅಂಗಡಿಯ ಚೀಟಿ, ಹೂವಿನ ಕುಂಡಗಳಿಗೆ ನೀರು ಹಾಕುವ ಕೆಲಸ, ಎಲ್ಲವನ್ನೂ ನಾವು ಅಕ್ಕರೆಯಿಂದ ತೆಗೆದುಕೊಳ್ಳುತ್ತೇವೆ. ಆರು ತಿಂಗಳಿಗೆ ಅವರು ಚೇತರಿಸಿಕೊಳ್ಳುತ್ತಾರೆ. ಪಾಸ್‌ಬುಕ್ಕು ಮಾತ್ರ ಮರಳುವುದಿಲ್ಲ. ಕೊಡಬಾರದೆಂದು ಯಾರೂ ನಿಶ್ಚಯಿಸಿರುವುದಿಲ್ಲ, ಕೊಡಬೇಕೆಂದು ಯಾರಿಗೂ ತೋಚಿರುವುದಿಲ್ಲ. ಅಂತರಂಗದಲ್ಲೂ ಹೀಗೆಯೇ. ಒಮ್ಮೆ ವಿಶ್ವಾಸಕ್ಕೆ ಪೆಟ್ಟು ಬಿದ್ದಿರುತ್ತದೆ. ಆಮೇಲೆ ಸಿಗುವ ಪ್ರತಿ ಸ್ನೇಹದ ಮೇಲೂ ಪೂರ್ತಿ ಕಾಲೂರುವ ಮುನ್ನವೇ ಮನಸ್ಸು ಜಿಗಿದು ಆಚೆ ನಿಲ್ಲುತ್ತದೆ. ಗಾಯ ಮಾಯ್ದಿದೆಯೋ ಇಲ್ಲವೋ ಎಂದು ಊರಿ ನೋಡಿದರೆ ಮಾತ್ರ ತಿಳಿಯುತ್ತದೆ, ಊರಲು ನಾವು ಬಿಡುವುದಿಲ್ಲ. ಇದು ದೌರ್ಬಲ್ಯವೇ ಹೌದು. ಆದರೆ ಎಲ್ಲರಿಗೂ ಸಮಾನವಾದ ದೌರ್ಬಲ್ಯ. ಅದರ ಮೂಲದಲ್ಲಿ ಇರುವುದು ಕೇಡಲ್ಲ, ಕಾಪಾಡುವ ಆತುರ.

ಸೊಂಟದ ಕೀಲಿನ ಕುಂಟು ಇನ್ನೊಂದು ಬಗೆಯದು. ಒಂಟಿ ಕಾಲಿನಲ್ಲಿ ನಿಂತಾಗ ಸೊಂಟ ಮತ್ತೊಂದು ಬದಿಗೆ ಜೋಲದಂತೆ ಹಿಡಿಯುವುದು ನಿಂತ ಕಾಲಿನ ಪಕ್ಕದ, ಪೃಷ್ಠದ ಹೊರಬದಿಯ ಸ್ನಾಯು. ಜರ್ಮನಿಯ ಶಸ್ತ್ರವೈದ್ಯ ಫ್ರೆಡ್ರಿಕ್ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ, ಹುಟ್ಟಿನಿಂದಲೇ ಸೊಂಟದ ಕೀಲು ಜಾರಿದ್ದವರ ಓಲಾಟವನ್ನು ಪರಿಶೀಲಿಸಿ, ಅದರ ಕಾರಣ ಈ ಸ್ನಾಯುವಿನ ಅಶಕ್ತಿಯೆಂದು ತೋರಿಸಿಕೊಟ್ಟರು. ಆ ಪರೀಕ್ಷೆಗೆ ಇಂದಿಗೂ ಅವರದೇ ಹೆಸರು. ವೈದ್ಯರು ನಮ್ಮನ್ನು ಒಂದು ಕಾಲಿನ ಮೇಲೆ ನಿಲ್ಲಲು ಹೇಳಿ ಹಿಂದಿನಿಂದ ನೋಡುತ್ತಾರೆ. ಸೊಂಟ ಸಮವಾಗಿ ನಿಲ್ಲುತ್ತದೆಯೋ, ಎತ್ತಿದ ಕಾಲಿನ ಕಡೆ ಇಳಿಯುತ್ತದೆಯೋ ಎಂಬುದಷ್ಟೇ ಪ್ರಶ್ನೆ. ದೇಹದ ಭಾರ ಕೀಲಿನಿಂದ ದೂರದಲ್ಲಿ ತೂಗುತ್ತದೆ, ಅದನ್ನು ಹಿಡಿಯುವ ಸ್ನಾಯು ಕೀಲಿಗೆ ಹತ್ತಿರದಲ್ಲಿದೆ. ಹಾಗಾಗಿ ಅದು ಬಹಳ ಬಲವಾಗಿ ಎಳೆಯಬೇಕು. ಸಾಮಾನ್ಯ ನಡಿಗೆಯಲ್ಲೇ ಸೊಂಟದ ಕೀಲಿನ ಮೇಲೆ ದೇಹದ ತೂಕದ ಸುಮಾರು 2.5ರಿಂದ 3 ಪಟ್ಟು ಹೊರೆ ಬೀಳುತ್ತದೆ. ನಾವು ಹಗುರ ಎಂದುಕೊಂಡ ಒಂದು ಹೆಜ್ಜೆಯಲ್ಲಿ ಇಷ್ಟು ದುಡಿಮೆ ಇದೆ. ಆ ಸ್ನಾಯು ಸೋತಾಗ ಮೈಯೆಲ್ಲ ನೊಂದ ಕಾಲಿನ ಕಡೆ ವಾಲಿ ಸಮತೋಲವನ್ನು ಕಾಯುತ್ತದೆ.

ಕೈಕೋಲು ಬಂದದ್ದು ಈ ಸ್ನಾಯುವಿನ ನೆರವಿಗೆ. ಅದನ್ನು ಹಿಡಿಯಬೇಕಾದ್ದು ನೋವಿನ ಕಡೆಯ ಕೈಯಲ್ಲಲ್ಲ, ಎದುರು ಕೈಯಲ್ಲಿ. ಎಡ ಸೊಂಟ ನೊಂದಿದ್ದರೆ ಬಲಗೈಯಲ್ಲಿ. ನಮ್ಮಲ್ಲಿ ಅನೇಕರು ನೋವಿದ್ದ ಕಡೆಗೇ ಆಸರೆ ಇರಲೆಂದು ಅದೇ ಕೈಯಲ್ಲಿ ಹಿಡಿಯುತ್ತಾರೆ. ಆಗ ಮೈ ಇನ್ನಷ್ಟು ಆ ಕಡೆಗೇ ವಾಲುತ್ತದೆ. ಎದುರು ಕೈ ಕೀಲಿನಿಂದ ದೂರದಲ್ಲಿರುವುದರಿಂದ ಅಲ್ಲಿ ಕೊಂಚ ಒತ್ತಿದರೂ ಸ್ನಾಯುವಿಗೆ ದೊಡ್ಡ ಬಿಡುವು. ನೊಂದ ಕಾಲು ಮುಂದೆ ಹೋಗುವಾಗಲೇ ಕೋಲೂ ಹೋಗಬೇಕು. ಕೈ ಇಳಿಬಿಟ್ಟು ನಿಂತರೆ ಕೋಲಿನ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು. ಅಮೆರಿಕದ ಮೂಳೆವೈದ್ಯ ವಾಲ್ಟರ್ ಬ್ಲೌಂಟ್ 1956ರಲ್ಲಿ ಪ್ರಕಟಿಸಿದ ಒಂದು ಪ್ರಬಂಧಕ್ಕೆ ಇಟ್ಟ ಹೆಸರೇ, ಕೋಲನ್ನು ಎಸೆಯಬೇಡಿ ಎಂಬುದು. ಕೋಲು ಹಿಡಿದರೆ ಜನ ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚಕ್ಕೆ ಬೇಗ ಬಿಟ್ಟವರು ಕುಂಟನ್ನು ಬಹುಕಾಲ ಉಳಿಸಿಕೊಳ್ಳುತ್ತಾರೆ. ಕೋಲು ಹಿಡಿದು ಸಮವಾಗಿ ನಡೆಯುವುದು, ಕೋಲಿಲ್ಲದೆ ಕುಂಟುವುದಕ್ಕಿಂತ ಮೇಲು. ಈ ಮಾತಿನಲ್ಲಿ ನನಗೆ ಪೂರ್ಣ ನಂಬಿಕೆ ಇದೆ.

ಹಾಗಾದರೆ ತಿದ್ದುವುದು ಹೇಗೆ? “ಅಮ್ಮಾ, ನೆಟ್ಟಗೆ ನಡಿ” ಎಂದು ಮಗ ಹೇಳಿದರೆ ಅಮ್ಮ ಇನ್ನಷ್ಟು ಬಿಗಿಯುತ್ತಾರೆ. ಬಲ್ಲ ಫಿಸಿಯೋಥೆರಪಿಸ್ಟ್ ಹಾಗೆ ಹೇಳುವುದಿಲ್ಲ. “ಈ ಕಾಲಿನ ಮೇಲೆ ನಿಂತ್ಕೊಳಿ, ಅವಸರ ಇಲ್ಲ” ಎನ್ನುತ್ತಾರೆ. ತಿದ್ದುಪಡಿ ಶುರುವಾಗುವುದೇ ಒಳ್ಳೆಯ ಕಾಲನ್ನು ನಿಧಾನಿಸುವುದರಿಂದ. ಮೊದಲು ಅಡಿಗೆಮನೆಯ ಕಟ್ಟೆ ಹಿಡಿದು ನಿಂತು ಭಾರವನ್ನು ಅತ್ತಿಂದಿತ್ತ ವಾಲಿಸುವುದು. ಆಮೇಲೆ ಚಿಕ್ಕ ಚಿಕ್ಕ ಸಮಹೆಜ್ಜೆ. ಹಜಾರದ ಟೈಲ್ಸ್ ಗೆರೆಗಳು ಇದಕ್ಕೆ ಬಹಳ ಒದಗುತ್ತವೆ: ಒಂದೊಂದು ಗೆರೆಗೆ ಒಂದೊಂದು ಪಾದ, ಎಡಕ್ಕೂ ಬಲಕ್ಕೂ ಅಳತೆ ಒಂದೇ. ಮೊದಲು ಹಿಮ್ಮಡಿ ಊರಬೇಕು, ಕೊನೆಗೆ ಹೆಬ್ಬೆರಳು ನೆಲವನ್ನು ಒತ್ತಿ ಬಿಡಬೇಕು. ಎದುರಿಗೆ ನಿಲುವುಗನ್ನಡಿ ಇದ್ದರೆ ಭುಜ ವಾಲುವುದು ನಮಗೇ ಕಾಣುತ್ತದೆ. ಮಂಡಿ ಬಾಗಿಸಲು ಹೆದರಿ ಕಾಲನ್ನು ಮರದ ತುಂಡಿನ ಹಾಗೆ ಬೀಸಿ ನಡೆಯುವವರೂ ಇದ್ದಾರೆ. ಸಮತಟ್ಟಾದ ನೆಲದ ನಡಿಗೆಗೆ ಮಂಡಿ ಸುಮಾರು 60 ಡಿಗ್ರಿ ಬಾಗಿದರೆ ಸಾಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಲಾಗದಿದ್ದರೂ ಚೆನ್ನಾಗಿ ನಡೆಯಬಹುದು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೊಂದ ಕಾಲು ಮೊದಲು. ಸೊಂಟದ ಆಪರೇಷನ್ ಆದ ಹೊಸದರಲ್ಲಿ ಒಂದು ಕಾಲು ಉದ್ದವಾದಂತೆ ತೋರುವುದುಂಟು. ಅದು ಹಲವರಲ್ಲಿ ಬಿಗಿದ ಸ್ನಾಯುಗಳ ಕೆಲಸ, ತಿಂಗಳುಗಳಲ್ಲಿ ಸರಿಹೋಗುತ್ತದೆ. ಚಪ್ಪಲಿಗೆ ಎತ್ತರದ ಅಟ್ಟೆ ಹಾಕಿಸುವ ಮುನ್ನ ವೈದ್ಯರನ್ನು ಕೇಳುವುದು ಒಳ್ಳೆಯದು.

ಒಂದು ಎಚ್ಚರ ಬೇಕು. ಕುಂಟಿಗೆ ನೋವೇ ಕಾರಣವಾಗಿರುವ ತನಕ ಅದನ್ನು ಛಲದಿಂದ ತಿದ್ದಬಾರದು. ಆಗ ಕರುಣೆಗೆ ಇನ್ನೂ ಕೆಲಸವಿದೆ. ಮೊದಲು ನೋವಿಗೆ ಉಪಚಾರ, ಆಮೇಲೆ ನಡೆಗೆ. ಚೆನ್ನಾಗಿ ನಡೆಯುತ್ತಿದ್ದವರು ಥಟ್ಟನೆ ಕುಂಟತೊಡಗಿದರೆ, ಜ್ವರ ಬಂದರೆ, ಮೀನಖಂಡ ಊದಿ ನೋಯತೊಡಗಿದರೆ, ಗಾಯ ಕೆಂಪಾಗಿ ಒಸರಿದರೆ ಅಭ್ಯಾಸ ನಿಲ್ಲಿಸಿ ಅಂದೇ ವೈದ್ಯರ ಬಳಿ ಹೋಗಬೇಕು. ಕೆಲವರ ಕುಂಟು ಎಷ್ಟು ಅಭ್ಯಾಸ ಮಾಡಿದರೂ ಪೂರ್ತಿ ಹೋಗುವುದಿಲ್ಲ. ಸ್ನಾಯುವೋ ನರವೋ ಮರಳಿ ಬಾರದಷ್ಟು ನೊಂದಿರುತ್ತದೆ. ಅವರ ಪ್ರಯತ್ನದಲ್ಲಿ ಕೊರತೆ ಇರಲಿಲ್ಲ. ಅವರಿಗೆ ಕೋಲೇ ನಡೆಯ ಒಂದು ಭಾಗ, ಅದರಲ್ಲಿ ಕುಂದೇನೂ ಇಲ್ಲ.

ಉಳಿದವರಿಗೆ ಬೇಕಾದ್ದು ಕಾಲ. ಹೊಲಿಗೆ ಬಿಚ್ಚಿದ ದಿನವೇ ಚಿಕಿತ್ಸೆ ಮುಗಿಯಿತೆಂದು ನಾವು ಬಗೆಯುತ್ತೇವೆ. ಬಂಧುಗಳು ಬಂದು ನೋಡಿ ಹೋಗುತ್ತಾರೆ, ವಾಕರ್ ಅಟ್ಟ ಸೇರುತ್ತದೆ, ಫಿಸಿಯೋಥೆರಪಿ ನಿಂತುಹೋಗುತ್ತದೆ. ನಡೆಯನ್ನು ತಿದ್ದುವ ಕೆಲಸಕ್ಕೆ ನಿಜವಾದ ಅವಕಾಶ ಒದಗುವುದು ನೋವು ಇಳಿದ ಆ ಹೊತ್ತಿಗೇ. ಸ್ನಾಯು ಬಲಗೊಳ್ಳಲು ವಾರಗಳು ಸಾಲವು, ತಿಂಗಳುಗಳು ಬೇಕು. ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಆಪರೇಷನ್ ಆಗಿದ್ದರೆ ದಯವಿಟ್ಟು ಅಭ್ಯಾಸವನ್ನು ನಿಲ್ಲಿಸಗೊಡಬೇಡಿ. ದಿನಕ್ಕೆರಡು ಸಲ, ಸ್ವಲ್ಪ ಹೊತ್ತು, ಅವರ ಜೊತೆಯಲ್ಲಿ ನೀವೂ ಹಜಾರದಲ್ಲಿ ಅವರದೇ ವೇಗದಲ್ಲಿ ನಡೆಯಿರಿ. ಕೈ ಹಿಡಿಯುವುದು ಬೇಡ, ಹತ್ತಿರವಿದ್ದರೆ ಸಾಕು.