ಹಳೆಯ ಮನೆಯ ಕಲ್ಲುಗಳು

ನಮ್ಮ ಕರಾವಳಿಯಲ್ಲಿ ಮನೆ ಕಟ್ಟುವುದೆಂದರೆ ಮೊದಲು ಹಳೆಯದನ್ನು ಕೆಡವುವುದು ಎಂದೇ ಆಗಿಬಿಟ್ಟಿದೆ. ನಾವೂ ಹಾಗೆಯೇ ಮಾಡಿದೆವು. ಅಜ್ಜ ಕಟ್ಟಿಸಿದ ಮುರಕಲ್ಲಿನ ಮನೆ. ಹೆಂಚಿನ ಮಾಡು, ಹಲಸಿನ ಮರದ ಪಕ್ಕಾಸುಗಳು. ಗಲ್ಫ್‌ನಲ್ಲಿದ್ದ ಅಣ್ಣ ಹಣ ಕಳುಹಿಸಿದರು. ಜೆಸಿಬಿ ಒಂದೇ ದಿನದಲ್ಲಿ ಕೆಲಸ ಮುಗಿಸಿತು. ಕಲ್ಲುಗಳನ್ನು ಲಾರಿಗೆ ತುಂಬಿಸಿ ತಗ್ಗಿಗೆ ಸುರಿದೆವು. ಪಕ್ಕಾಸುಗಳು ಸೌದೆಯಾದವು. ಆ ಸಂಜೆ ಉಮ್ಮ ಹೆಂಚಿನ ರಾಶಿಯ ಬಳಿ ನಿಂತು, "ಇದೆಲ್ಲ ಹಾಳಾಗಿತ್ತಾ ಮಗಾ?" ಎಂದು ಕೇಳಿದರು. ಮಕ್ಕಳಿಗೆ ಇಸ್ರಾಫ್ ಅಂದರೆ ದುಂದಿನ ಪಾಠ ಹೇಳುವ ನನ್ನಲ್ಲಿ ಉತ್ತರವಿರಲಿಲ್ಲ.

ಬಟ್ಟಲಲ್ಲಿ ಅನ್ನ ಬಿಟ್ಟರೆ, ವುಝೂ ಮಾಡುವಾಗ ನಳ್ಳಿ ತೆರೆದಿಟ್ಟರೆ ನಾವು ಅದನ್ನು ದುಂದು ಎನ್ನುತ್ತೇವೆ. ಗಟ್ಟಿಯಾಗಿರುವ ಗೋಡೆಯನ್ನು ಉರುಳಿಸಿದರೆ ಮಾತ್ರ ಅಭಿವೃದ್ಧಿ ಎನ್ನುತ್ತೇವೆ. ಸ್ವಂತ ಹಣ, ಸ್ವಂತ ಮನೆ, ಯಾರಿಗೇನು ನಷ್ಟ ಎಂಬುದು ನಮ್ಮ ವಾದ.

ನಷ್ಟವಿದೆ. ಸಿಮೆಂಟಿಗಾಗಿ ಸುಣ್ಣದಕಲ್ಲನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡಬೇಕು. ಆಗ ಉರುವಲಿನ ಹೊಗೆಯಷ್ಟೇ ಅಲ್ಲ, ಕಲ್ಲಿನೊಳಗೆ ಅಡಗಿದ್ದ ಇಂಗಾಲದ ಡೈಆಕ್ಸೈಡ್ ಕೂಡ ಗಾಳಿಗೆ ಸೇರುತ್ತದೆ. ಜಗತ್ತಿನಲ್ಲಿ ಮನುಷ್ಯ ಹೊರಬಿಡುವ ಈ ಅನಿಲದಲ್ಲಿ ಶೇಕಡಾ 7-8ರಷ್ಟು ಸಿಮೆಂಟಿನದ್ದೇ. ಅದರಿಂದ ಏರುವ ಬಿಸಿಯನ್ನು ಮೊದಲು ಉಣ್ಣುವವನು ಬಿಸಿಲಲ್ಲಿ ದುಡಿಯುವ ಕೂಲಿಯವನು. ಹಾಗಿರುವಾಗ ಇದು ದಾಸರ ಹಕ್ಕಿನ ಪ್ರಶ್ನೆಯೂ ಹೌದಲ್ಲವೇ?

ಪ್ರವಾದಿ(ಸ)ರವರು ಮದೀನದಲ್ಲಿ ಕಟ್ಟಿದ ಮಸೀದಿಯನ್ನು ನೆನಪಿಸಿಕೊಳ್ಳಿ. ಆ ಜಾಗದಲ್ಲಿ ಖರ್ಜೂರದ ಮರಗಳಿದ್ದವು. ಕಡಿದ ಮರಗಳನ್ನು ಎಸೆಯಲಿಲ್ಲ. ಅವನ್ನು ಕಿಬ್ಲಾದ ಕಡೆ ಸಾಲಾಗಿ ನಿಲ್ಲಿಸಲಾಯಿತು. ಗೋಡೆಗೆ ಹಸಿ ಇಟ್ಟಿಗೆ, ಮಾಡಿಗೆ ಖರ್ಜೂರದ ಗರಿ. ಮಳೆ ಬಂದರೆ ಸೋರುತ್ತಿತ್ತು, ಸುಜೂದ್‌ನಲ್ಲಿ ಹಣೆಗೆ ಕೆಸರು ಮೆತ್ತುತ್ತಿತ್ತು.

ಹಾಗೆಂದು ಮಣ್ಣೇ ಪುಣ್ಯವೆಂದಲ್ಲ. ಖಲೀಫ ಉಸ್ಮಾನ್(ರ) ಅದೇ ಮಸೀದಿಯನ್ನು ಕೆತ್ತಿದ ಕಲ್ಲು, ಸುಣ್ಣದ ಗಾರೆ, ಸಾಗುವಾನಿಯ ಮಾಡಿನಿಂದ ವಿಸ್ತರಿಸಿದರು. ಜನ ಹೆಚ್ಚಿದ್ದರು, ಅಗತ್ಯವಿತ್ತು. ಪ್ರಶ್ನೆ ಇರುವುದು ಅಗತ್ಯದಲ್ಲಿ. ಗೋಡೆ ಕುಸಿದೀತೆಂದು ಆಷಾಢದ ರಾತ್ರಿ ನಿದ್ದೆಗೆಟ್ಟವನಿಗೆ ಮಣ್ಣಿನ ಮಹಿಮೆ ಬೋಧಿಸುವುದು ಅನ್ಯಾಯ. ಅವನಿಗೆ ಸಿಮೆಂಟ್ ಬೇಕಿದ್ದರೆ ಅದು ಅವನ ಹಕ್ಕು. ಲೆಕ್ಕ ಕೇಳಬೇಕಾದುದು ಎಂಟು ಕೋಣೆ ಕಟ್ಟಿಸಿ ಎರಡರಲ್ಲಿ ಬಾಳುವ, ಉಳಿದವಕ್ಕೆ ಬೀಗ ಹಾಕುವ ನಮ್ಮನ್ನು.

ದಾರಿಗಳು ಇಲ್ಲದಿಲ್ಲ. ಲಾರಿ ಬೇಕರ್ (1917-2007) ಕೇರಳದಲ್ಲಿ ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಗೋಡೆ ಕಟ್ಟಿಸಿದರು. ಕಾಲು ಭಾಗದಷ್ಟು ಇಟ್ಟಿಗೆ ಉಳಿಯಿತು. ತಾರಸಿಯ ಕಾಂಕ್ರೀಟಿನ ನಡುವೆ ಹಳೆಯ ಮಂಗಳೂರು ಹೆಂಚುಗಳನ್ನಿಟ್ಟು ಸಿಮೆಂಟ್ ಉಳಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ವಿಭಾಗವು, ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ ಯಂತ್ರದಲ್ಲಿ ಒತ್ತಿದ, ಸುಡಬೇಕಾಗಿಲ್ಲದ ಇಟ್ಟಿಗೆಯನ್ನು ಬಳಕೆಗೆ ತಂದಿತು.

ಎಲ್ಲಕ್ಕಿಂತ ಸರಳವಾದುದು ನಮ್ಮ ಹಿರಿಯರ ಗಾರೆ. ಮಣ್ಣು ಇಲ್ಲವೇ ಸುಣ್ಣದ ಗಾರೆಯಲ್ಲಿ ಕಟ್ಟಿದ ಕಲ್ಲನ್ನು ಬಿಡಿಸಿ ಮತ್ತೆ ಕಟ್ಟಬಹುದು. ಸಿಮೆಂಟಿನಲ್ಲಿ ಕಟ್ಟಿದ ಕಲ್ಲು ಬಿಡಿಸುವಾಗ ಒಡೆಯುತ್ತದೆ. ಅಂದರೆ ಅಜ್ಜ ನಮಗೆ ಮನೆಯೊಂದನ್ನು ಮಾತ್ರ ಬಿಟ್ಟುಹೋಗಿರಲಿಲ್ಲ, ಇನ್ನೊಂದು ಮನೆಗೆ ಬೇಕಾದ ಕಲ್ಲುಗಳನ್ನೂ ಬಿಟ್ಟುಹೋಗಿದ್ದರು. ಆ ಅಮಾನತ್ತನ್ನು ನಾವು ತಗ್ಗಿಗೆ ಸುರಿದೆವು.

ಉಳಿದ ಹೆಂಚುಗಳನ್ನು ಹಿತ್ತಿಲ ಕೊಟ್ಟಿಗೆಗೆ ಹೊದಿಸಿದ್ದೇನೆ. ಬೇಸಗೆಯ ಮಧ್ಯಾಹ್ನ ನಮ್ಮ ತಾರಸಿ ಮನೆ ಕಾದು ಕೆಂಡವಾದಾಗ ಉಮ್ಮ ಅಲ್ಲಿಗೆ ಹೋಗಿ ಕೂರುತ್ತಾರೆ. ಅವರು ಆ ಪ್ರಶ್ನೆಯನ್ನು ಮತ್ತೆ ಕೇಳಿಲ್ಲ. ಆದರೆ ನಾಳೆ ಬೇರೊಂದು ಕಡೆ ಅದನ್ನು ಕೇಳಲಾಗುವುದೆಂಬುದು ನನಗೆ ಖಚಿತ. ಹಳೆಯ ಮನೆ ಕೆಡವಲು ಹೊರಟಿರುವ ಸಹೋದರರೇ, ಅದಕ್ಕೆ ನಿಮ್ಮಲ್ಲಾದರೂ ಉತ್ತರವಿರಲಿ.